ಕರಿನೆರಳಿಗೆ ಹತ್ತಕ್ಕೆ ಒಂಬತ್ತೂವರೆ

"ಮೊದಲನೆಯ ಪಂದ್ಯ ನಡೆಯುವಾಗ ನಾನು ಟೀ ಕುಡಿಯಲು ಹೊರಗೆ ಹೋಗಿದ್ದೆ. ಟೀ ಚೆನ್ನಾಗಿತ್ತು. ಹತ್ತಕ್ಕೆ ಎಂಟು."

ಹೋದ ಸಲದ ಕುಸ್ತಿ ಪಂದ್ಯಾವಳಿಯ ವಿಮರ್ಶೆ ಶುರುವಾದದ್ದೇ ಹೀಗೆ. ಆ ಮೊದಲನೆಯ ಪಂದ್ಯದಲ್ಲಿ ಹನ್ನೊಂದು ನಿಮಿಷ ಒದೆ ತಿಂದು, ಮೊಣಕೈ ತರಚಿಕೊಂಡು ಸೋತವನು ದಿಂಬಣ್ಣ. ಬೈದಿದ್ದರೆ ಸಹಿಸಿಕೊಳ್ಳುತ್ತಿದ್ದ. ಒಂದು ಲೋಟ ಟೀಗಿಂತ ಕಡೆಯಾದೆನಲ್ಲ ಎಂಬುದು ಮೀನಿನ ಮುಳ್ಳಿನ ಹಾಗೆ ಗಂಟಲಲ್ಲಿ ಕೂತುಬಿಟ್ಟಿತು.

ದಿಂಬಣ್ಣ ಎಂಬುದು ಹಾಸಿಗೆ ಅಂಗಡಿಯವರು ಇಟ್ಟ ಹೆಸರು. ವಾರದಲ್ಲಿ ಆರು ದಿನ ಅವನು ಅಲ್ಲಿ ಹತ್ತಿ ತುಂಬಿ, ದಬ್ಬಳದಲ್ಲಿ ಹಾಸಿಗೆ ಹೊಲಿಯುತ್ತಿದ್ದ. ಏಳನೆಯ ದಿನ ಕೆಂಪು ಚಡ್ಡಿ ಹಾಕಿಕೊಂಡು 'ಉಕ್ಕಿನ ಮುಷ್ಟಿ' ಆಗುತ್ತಿದ್ದ. ಇಪ್ಪತ್ತೆರಡು ವರ್ಷದಲ್ಲಿ ಉಕ್ಕಿನ ಮುಷ್ಟಿ ಒಂದು ಸಲವೂ ಗೆದ್ದಿರಲಿಲ್ಲ. ಗೆಲ್ಲುವುದು ಅವನ ಕೆಲಸವೂ ಆಗಿರಲಿಲ್ಲ. ಈ ಪ್ರದರ್ಶನದ ಕುಸ್ತಿಯಲ್ಲಿ ಗೆಲ್ಲುವವನು ಯಾರು, ಸೋಲುವವನು ಯಾರು ಎಂಬುದು ಬೆಳಿಗ್ಗೆಯೇ ಕುಸ್ತಿ ನಡೆಸುವ ಯಜಮಾನರ ಚೀಟಿಯಲ್ಲಿ ಬರೆದಿರುತ್ತದೆ. ಜನಕ್ಕೂ ಅದು ಗೊತ್ತು. ಯಾರಿಗೆ ಯಾರು ಎಂದು ಗೊತ್ತಿದ್ದೂ ಮದುವೆಗೆ ಹೋಗುತ್ತೇವಲ್ಲ, ಹಾಗೆ ಬಂದು ನೋಡುತ್ತಾರೆ. ಹೊಡೆಯುವವನದು ಅರ್ಧ ಕೆಲಸ, ಬೀಳುವವನದು ಇನ್ನರ್ಧ. ಬೀಳುವುದೇನು ಮಹಾ ಎನ್ನುವವರು ಒಂದು ಸಲ ಬೆನ್ನು ಕೊಟ್ಟು ಬಿದ್ದು ನೋಡಲಿ, ಆಮೇಲೆ ಮಾತಾಡಲಿ.

ಮದುವೆಯಾದ ಹೊಸದರಲ್ಲಿ ಹೆಂಡತಿ ಪ್ರತಿ ಭಾನುವಾರ ಬರುತ್ತಿದ್ದಳು. ಮೂರನೆಯ ಸಾಲಿನಲ್ಲಿ ಕೂತು, ಅವನು ಬಿದ್ದಾಗಲೆಲ್ಲ ಕುರ್ಚಿಯಿಂದ ಅರ್ಧ ಏಳುತ್ತಿದ್ದಳು. ಮನೆಗೆ ಬಂದ ಮೇಲೆ ಬಿಸಿನೀರಲ್ಲಿ ಬಟ್ಟೆ ಅದ್ದಿ ಬೆನ್ನಿಗೆ ಶಾಖ ಕೊಡುತ್ತ, ಮೂರನೇ ಸಲ ಬಿದ್ದಿರಲ್ಲ, ಅದು ನಿಜವಾಗ್ಲೂ ನೋವಾಯ್ತಾ ಎಂದು ಕೇಳುತ್ತಿದ್ದಳು. ನೋವಾಗದಿದ್ದರೂ ಆಯಿತು ಎನ್ನುತ್ತಿದ್ದ. ಆ ಕೈ ಇನ್ನೊಂದಿಷ್ಟು ಹೊತ್ತು ಅಲ್ಲೇ ಇರಲಿ ಎಂಬ ಆಸೆ. ಬರಬರುತ್ತ ಅವಳು ಕೇಳುವುದು ನಿಂತಿತು, ಆಮೇಲೆ ಬರುವುದೂ ನಿಂತಿತು. ಒಂಬತ್ತು ವರ್ಷದ ಹಿಂದೆ ಒಂದು ಭಾನುವಾರ ಅವನು ಕರೆದಾಗ, "ನೀವು ಸೋಲೋದು ನೋಡೋಕೆ ಅಷ್ಟು ದೂರ ಬರಬೇಕಾ? ಮನೇಲೇ ದಿನಾ ನೋಡ್ತೀನಲ್ಲ" ಅಂದಿದ್ದಳು. ಅಲ್ಲಿಗೆ ಮುಗಿಯಿತು.

ಅಂದಿನಿಂದ ದಿಂಬಣ್ಣನಿಗೆ ಒಂದೇ ಹಂಬಲ. ಗೆಲುವು ಬೇಡ, ಕಪ್ ಬೇಡ. 'ಚೆನ್ನಾಗಿ ಬಿದ್ದ' ಎಂದು ವಿಮರ್ಶಕ ಒಂದು ಸಾಲು ಬರೆಯಲಿ, ಹೆಂಡತಿ ಅದನ್ನು ಕೇಳಲಿ, ಕೇಳಿ ಒಂದು ಸಲ ಮೊದಲಿನ ಹಾಗೆ ತನ್ನ ಕಡೆ ನೋಡಲಿ.

ಈ ವರ್ಷದ ಪಂದ್ಯಾವಳಿಯ ದಿನ ಪಕ್ಕದ ಮನೆಯ ನಿವೃತ್ತ ಮೇಷ್ಟ್ರು ನಡುವೆ ಬಾಯಿ ಹಾಕಿದರು. ಆ ವಿಮರ್ಶಕ ಈಗ ಒಂದೊಂದು ಪಂದ್ಯ ಮುಗಿದ ಐದೇ ನಿಮಿಷಕ್ಕೆ ವಿಮರ್ಶೆ ಬರೆದು ಮೊಬೈಲಿಗೆ ಹಾಕುತ್ತಾನಂತೆ, ತಾನು ಓದಿ ಹೇಳುತ್ತೇನೆ, ನಿಮ್ಮ ಮನೆಯವರನ್ನು ತಾನೇ ಕರೆದುಕೊಂಡು ಬರುತ್ತೇನೆ ಎಂದರು. ಮೇಷ್ಟ್ರದು ನಲವತ್ತು ವರ್ಷ ಪಾಠ ಹೇಳಿದ ಗಂಟಲು. ಪಿಸುಗುಟ್ಟಿದರೂ ಕೊನೆಯ ಬೆಂಚಿಗೆ ಕೇಳುತ್ತದೆ. ದಿಂಬಣ್ಣ ಬೇಡವೆನ್ನುವುದರೊಳಗೆ ಹೆಂಡತಿ ಚಪ್ಪಲಿ ಮೆಟ್ಟಿಯಾಗಿತ್ತು. ಒಂಬತ್ತು ವರ್ಷದ ಮೇಲೆ ಅವಳು ಬರುತ್ತಿದ್ದಳು.

ಎಂಟು ಜನರ ಪಂದ್ಯಾವಳಿ. ಮೊದಲ ಸುತ್ತಿನಲ್ಲಿ ನಾಲ್ಕು ಪಂದ್ಯ. ಮೊದಲನೆಯದೇ ಉಕ್ಕಿನ ಮುಷ್ಟಿ ಮತ್ತು 'ಬಿರುಗಾಳಿ' ನಡುವೆ. ಬಿರುಗಾಳಿ ಎಂದರೆ ಫೋಟೋ ಅಂಗಡಿಯವನು, ಗಾಳಿ ಬಂದರೆ ಅವನೇ ಹಾರಿಹೋಗುವಂತಿದ್ದ. ಚೀಟಿಯ ಪ್ರಕಾರ ಎಂಟನೆಯ ನಿಮಿಷಕ್ಕೆ ಬಿರುಗಾಳಿ ಗೆಲ್ಲಬೇಕು.

ದಿಂಬಣ್ಣ ರಿಂಗಿಗೆ ಹತ್ತಿದವನೇ ವಿಮರ್ಶಕನನ್ನು ಹುಡುಕಿದ. ಮುಂದಿನ ಸಾಲಿನ ಮೂಲೆಯಲ್ಲಿ, ದಪ್ಪ ಕನ್ನಡಕದ ಮನುಷ್ಯ, ಹಲ್ಲು ಕೀಳುವವನ ಮುಖ. ಅವನಿಗೆ ಕಾಣುವ ಹಾಗೆ ಬೀಳಬೇಕೆಂದು ದಿಂಬಣ್ಣ ಮೊದಲ ಏಟಿಗೇ ಆ ಮೂಲೆಗೆ ಹೋಗಿ ಬಿದ್ದ. ಸರಿಯಾಗಿ ಅದೇ ಗಳಿಗೆಗೆ ವಿಮರ್ಶಕ ತಲೆ ತಗ್ಗಿಸಿ ಮೊಬೈಲು ಒತ್ತುತ್ತಿದ್ದ. ಎರಡನೆಯ ಸಲ ಬಿದ್ದಾಗ ಕನ್ನಡಕ ಒರೆಸುತ್ತಿದ್ದ. ಮೂರನೆಯ ಸಲ ಆಕಳಿಸುತ್ತಿದ್ದ, ಕಣ್ಣು ಮುಚ್ಚಿತ್ತು. ಬಿರುಗಾಳಿ ಒಂದು ಕಡೆ ನಿಂತು ಹೊಡೆದರೆ ಇವನು ಇನ್ನೊಂದು ಕಡೆಗೆ ಓಡಿಹೋಗಿ ಬೀಳುತ್ತಿದ್ದ. ಹೋಟೆಲಿನಲ್ಲಿ ಒಬ್ಬ ಕೂಗಿ ಕರೆದರೆ ಇನ್ನೊಬ್ಬನ ಮೇಜಿಗೆ ಹೋಗುವ ಮಾಣಿಯ ಹಾಗೆ. ಬಿರುಗಾಳಿ ಅವನ ಕತ್ತು ಹಿಡಿದ ನೆಪದಲ್ಲಿ ಕಿವಿಗೆ ಬಾಯಿಟ್ಟು, "ಅಣ್ಣಾ, ನಾನು ಇಲ್ಲಿದೀನಿ. ಯಾರ ಜೊತೆ ಕುಸ್ತಿ ಆಡ್ತಿದೀಯ?" ಎಂದು ಕೇಳಿದ.

ಎಂಟನೆಯ ನಿಮಿಷ ಬಂತು. ಬಿರುಗಾಳಿ ಹಗ್ಗದ ಮೇಲೆ ಹತ್ತಿದ. ಅವನು ಅಲ್ಲಿಂದ ಹಾರಿ ಒದೆಯಬೇಕು, ಇವನು ಬೀಳಬೇಕು. ಆಗ ವಿಮರ್ಶಕ ತಲೆ ಎತ್ತಿದ. ಅವನ ಎರಡು ಕಣ್ಣೂ ತನ್ನ ಮೇಲೇ ಇರುವುದನ್ನು ಕಂಡು ದಿಂಬಣ್ಣನಿಗೆ ತಡೆಯಲಾಗಲಿಲ್ಲ. ಇದೇ ಗಳಿಗೆ ಎಂದು ಧೊಪ್ಪನೆ ಬಿದ್ದುಬಿಟ್ಟ. ಬಿರುಗಾಳಿ ಇನ್ನೂ ಹಗ್ಗದ ಮೇಲೇ ನಿಂತು ಸಮತೋಲನ ನೋಡಿಕೊಳ್ಳುತ್ತಿದ್ದ.

ಇಡೀ ಹಾಲ್ ಬಿದ್ದು ಬಿದ್ದು ನಕ್ಕಿತು. ರೆಫ್ರಿ ಕೂಡ ಬೆನ್ನು ತಿರುಗಿಸಿ ನಕ್ಕ.

ಐದು ನಿಮಿಷಕ್ಕೆ ಮೇಷ್ಟ್ರ ಗಂಟಲು ಬಟ್ಟೆ ಬದಲಿಸುವ ಕೋಣೆಯವರೆಗೂ ಬಂತು. "ಮೊದಲನೇ ಪಂದ್ಯ. ಉಕ್ಕಿನ ಮುಷ್ಟಿ ಏಟಿಗೆ ಮುಂಚೆಯೇ ಬಿದ್ದರು. ಹವಾಮಾನ ಇಲಾಖೆಗೂ ಇಷ್ಟು ಮುಂಚೆ ಬಿರುಗಾಳಿಯ ಸೂಚನೆ ಸಿಗುವುದಿಲ್ಲ. ಇವರು ಭಾನುವಾರ ಮನೆಯಲ್ಲಿದ್ದರೆ ಕುಸ್ತಿಗೆ ಒಳ್ಳೆಯದು. ಹತ್ತಕ್ಕೆ ಒಂದೂವರೆ." ಯಾರೋ ಇನ್ನೊಂದು ಸಲ ಓದಿ ಎಂದರು. ಮೇಷ್ಟ್ರು ಓದಿದರು.

ದಿಂಬಣ್ಣ ಬೆಂಚಿನ ಮೇಲೆ ಕೂತು ತನ್ನ ಬರಿಗಾಲು ನೋಡುತ್ತಿದ್ದ. ಹೊರಗೆ ಹೋಗುವ ಮುಖವಿರಲಿಲ್ಲ. ಹೆಂಡತಿ ಈಗೇನು ಮಾಡುತ್ತಿರಬಹುದು, ನಗುತ್ತಿರಬಹುದೇ, ಎದ್ದು ಹೋಗಿರಬಹುದೇ? ಎರಡರಲ್ಲಿ ಯಾವುದಾದರೆ ಸಹಿಸಬಲ್ಲೆ ಎಂದು ಲೆಕ್ಕ ಹಾಕಿದ. ಯಾವುದನ್ನೂ ಸಹಿಸಲಾರೆ ಎಂದೇ ಅನ್ನಿಸಿತು.

ಆಗ ಯಜಮಾನರು ಕೈಯಲ್ಲಿ ಕರಿಯ ಬಟ್ಟೆ ಹಿಡಿದು ಒಳಗೆ ಬಂದರು. ನಾಲ್ಕನೆಯ ಪಂದ್ಯದ 'ಕರಿನೆರಳು' ಹಲ್ಲುನೋವೆಂದು ಫೋನ್ ಮಾಡಿದ್ದ. ಇವತ್ತಷ್ಟೇ ಅಲ್ಲ, ಇನ್ನು ಮೇಲೆ ಬರುವುದೇ ಇಲ್ಲ ಎಂದಿದ್ದ. ಕರಿನೆರಳು ಮುಖವಾಡದ ಕುಸ್ತಿಪಟು. ಕುತ್ತಿಗೆಯಿಂದ ಹಿಮ್ಮಡಿಯವರೆಗೆ ಕರಿ ಉಡುಪು, ತಲೆಗೆ ಕರಿ ಚೀಲ, ಕಣ್ಣಿಗೆ ಎರಡು ತೂತು. ಎದುರಾಳಿ 'ಭೂಕಂಪ', ಲಾರಿ ಓಡಿಸುವವನು, ಈ ಸಲ ಕಪ್ ಗೆಲ್ಲಬೇಕಾದವನು.

"ನೀನೇ ಹಾಕ್ಕೋ" ಎಂದರು ಯಜಮಾನರು. "ಹದಿನೈದು ನಿಮಿಷ ಆಡು, ಸೋಲು. ನಿಯಮ ಗೊತ್ತಲ್ಲ?"

ನಿಯಮ ಎಲ್ಲರಿಗೂ ಗೊತ್ತಿತ್ತು. ಮುಖವಾಡದ ಒಳಗೆ ಯಾರಿದ್ದಾರೆ ಎಂದು ಹೊರಗಿನವರಿಗೆ ಹೇಳುವಂತಿಲ್ಲ, ಹೆಂಡತಿ ಮಕ್ಕಳಿಗೂ ಹೇಳುವಂತಿಲ್ಲ. ಹೇಳಿದವನು ಮತ್ತೆ ರಿಂಗಿನ ಹಗ್ಗ ಮುಟ್ಟುವಂತಿಲ್ಲ. ಈ ವೃತ್ತಿಯಲ್ಲಿ ಉಳಿದದ್ದೆಲ್ಲ ಸುಳ್ಳು, ಇದೊಂದೇ ಸತ್ಯ.

ಹೇಗೂ ಮರ್ಯಾದೆ ಹೋಗಿದೆ, ಇನ್ನೇನು ಹೋಗಲಿಕ್ಕಿದೆ ಎಂದು ದಿಂಬಣ್ಣ ಚೀಲದೊಳಗೆ ತಲೆ ತೂರಿಸಿದ.

ಒಳಗೆ ಹಳೆಯ ಬೆವರಿನ ನಾತ. ತೂತುಗಳಲ್ಲಿ ಎದುರಿನ ಒಂದು ಮಾರು ಬಿಟ್ಟರೆ ಬೇರೇನೂ ಕಾಣುತ್ತಿರಲಿಲ್ಲ. ಮುಂದಿನ ಸಾಲು ಕಾಣಲಿಲ್ಲ, ವಿಮರ್ಶಕ ಕಾಣಲಿಲ್ಲ, ಹೆಂಡತಿ ಇದ್ದಾಳೋ ಹೋದಳೋ ಅದೂ ಕಾಣಲಿಲ್ಲ. ಕಂಡದ್ದು ಭೂಕಂಪನ ಎದೆ ಒಂದೇ. ಹಾಗಾಗಿ ದಿಂಬಣ್ಣ ಇಪ್ಪತ್ತೆರಡು ವರ್ಷದಿಂದ ಕಲಿತದ್ದನ್ನು ಸುಮ್ಮನೆ ಮಾಡುತ್ತ ಹೋದ. ಏಟು ಬಂದ ಕಡೆಗೆ ಬಿದ್ದ. ಸಣ್ಣ ಏಟಿಗೆ ಮಂಡಿಯೂರಿ ಎದ್ದ, ದೊಡ್ಡ ಏಟಿಗೆ ಹತ್ತಿಯ ಮೂಟೆ ಲಾರಿಯಿಂದ ಉರುಳಿದ ಹಾಗೆ ಉರುಳಿದ. ಒಂದು ಸಲ ಎದ್ದೇ ಬಿಟ್ಟ ಎನ್ನುವಾಗ ಕೈ ಜಾರಿ ಕುಸಿದ. ಹಾಲ್ ಉಸಿರು ಹಿಡಿಯಿತು. ದಿನಾ ಸಪ್ಪೆಯಾಗಿ ಹೊಡೆಯುತ್ತಿದ್ದ ಭೂಕಂಪನಿಗೇ ತನ್ನ ಕೈಯಲ್ಲಿ ಇಷ್ಟು ಬಲವಿದೆಯೇ ಎಂದು ಆಶ್ಚರ್ಯವಾಗಿ, "ಅಣ್ಣಾ, ಜೋರಾಗಿ ಬಿತ್ತಾ?" ಎಂದು ಪಿಸುಗುಟ್ಟಿದ. "ನೀನು ಹೊಡಿ, ಮಿಕ್ಕಿದ್ದು ನನಗೆ ಬಿಡು" ಎಂದ ದಿಂಬಣ್ಣ. ಹದಿನೈದನೆಯ ನಿಮಿಷಕ್ಕೆ ಅವನು ಕೊನೆಯ ಸಲ ಬಿದ್ದಾಗ ಒಂದು ಕ್ಷಣ ಯಾರೂ ಚಪ್ಪಾಳೆ ತಟ್ಟಲಿಲ್ಲ. ಆಮೇಲೆ ತಟ್ಟಿದ್ದು ನಿಲ್ಲಲಿಲ್ಲ.

ಕೋಣೆಗೆ ಬಂದು ಚೀಲ ಕಿತ್ತು ಯಜಮಾನರ ಕೈಗೆ ಕೊಟ್ಟು, ಕರಿ ಉಡುಪು ಬಿಚ್ಚಿ ಕೆಂಪು ಚಡ್ಡಿಯಲ್ಲಿ ಮುಖ ತೊಳೆಯುತ್ತಿದ್ದ, ಅಷ್ಟರಲ್ಲಿ ಬಾಗಿಲು ತೆರೆಯಿತು. ವಿಮರ್ಶಕ. ಅವನು ಒಳಗೆ ಬಂದದ್ದನ್ನು ಇಷ್ಟು ವರ್ಷದಲ್ಲಿ ಯಾರೂ ನೋಡಿರಲಿಲ್ಲ. ಕನ್ನಡಕ ತೆಗೆದು ಕೈಯಲ್ಲಿ ಹಿಡಿದಿದ್ದ, ಕಣ್ಣು ಒದ್ದೆಯಾಗಿತ್ತು.

"ಕರಿನೆರಳು ಎಲ್ಲಿ? ಒಂದು ಸಲ ಕೈ ಕುಲುಕಬೇಕಿತ್ತು."

ಯಜಮಾನರು ದಿಂಬಣ್ಣನನ್ನು ನೋಡಿದರು. ದಿಂಬಣ್ಣ ತನ್ನ ಒದ್ದೆ ಕೈ ನೋಡಿಕೊಂಡ. ಆ ಕೈ ತಾನಾಗಿ ಒಂದು ಗೇಣು ಮುಂದೆ ಹೋಗಿತ್ತು. ಹಿಂದಕ್ಕೆ ಎಳೆದುಕೊಂಡು ಚಡ್ಡಿಗೆ ಒರೆಸಿದ.

"ಹೋದ್ರು ಸಾರ್" ಎಂದ.

ವಿಮರ್ಶಕ ನಿಟ್ಟುಸಿರು ಬಿಟ್ಟ. ಆಮೇಲೆ ಇವನ ಮುಖದ ಗುರುತು ಹತ್ತಿತು. "ಮೊದಲನೇ ಪಂದ್ಯದವರಲ್ವಾ ನೀವು? ಬೇಜಾರು ಮಾಡ್ಕೋಬೇಡಿ. ಅವರು ಬೀಳೋದನ್ನ ಸ್ವಲ್ಪ ನೋಡಿ ಕಲೀರಿ" ಎಂದು ಹೆಗಲು ತಟ್ಟಿ ಹೋದ.

ದಿಂಬಣ್ಣ ಬಟ್ಟೆ ಹಾಕಿಕೊಂಡು ಹೊರಗೆ ಬಂದಾಗ ಮೇಷ್ಟ್ರು ಕುರ್ಚಿಯ ಮೇಲೆ ನಿಂತು ಓದುತ್ತಿದ್ದರು. ಸುತ್ತ ನಾಲ್ಕು ಸಾಲು ಜನ ಕಿವಿಗೊಟ್ಟಿದ್ದರು. ಇಪ್ಪತ್ತು ವರ್ಷದಿಂದ ಗೆಲ್ಲುವವರ ಬಗ್ಗೆಯೇ ಬರೆದು ತಾನು ದಡ್ಡನಾದೆ ಎಂದು ವಿಮರ್ಶಕ ಬರೆದಿದ್ದ. ಒಬ್ಬ ಮನುಷ್ಯ ಎದುರಿನವನನ್ನು ದೊಡ್ಡವನು ಮಾಡಲೆಂದೇ ಇಷ್ಟು ಪ್ರೀತಿಯಿಂದ ಬೀಳಬಹುದು ಎಂದು ಇವತ್ತು ತಿಳಿಯಿತು, ಹತ್ತಕ್ಕೆ ಒಂಬತ್ತೂವರೆ, ಅರ್ಧ ಉಳಿಸಿಕೊಂಡದ್ದು ಮತ್ತೊಮ್ಮೆ ನೋಡುವ ಆಸೆಗೆ ಎಂದಿದ್ದ.

ಹೆಂಡತಿ ಹೋಗಿರಲಿಲ್ಲ. ಮೂರನೆಯ ಸಾಲಿನಲ್ಲಿ, ಕುರ್ಚಿಯ ತುದಿಯಲ್ಲಿ ಕೂತಿದ್ದಳು. ಮೊದಲನೆಯ ಪಂದ್ಯದ ಸುದ್ದಿಯನ್ನೇ ಎತ್ತಲಿಲ್ಲ. ಅವನಿಗೆ ಪಕ್ಕದ ಕುರ್ಚಿ ತೋರಿಸಿ ಮೆಲ್ಲಗೆ, "ಕರಿನೆರಳು ಅವ್ರನ್ನ ನೋಡಿದ್ರಾ? ಮೊದಲು ನೀವೂ ಹೀಗೇ ಬೀಳ್ತಿದ್ರಿ" ಎಂದಳು.

ದಿಂಬಣ್ಣ ಪಕ್ಕದ ಕುರ್ಚಿಯಲ್ಲಿ ಕೂತ. ಹೇಳಿಬಿಡೋಣ, ಹೋದರೆ ಹೋಗಲಿ ಈ ಹಾಳು ಕುಸ್ತಿ, ನಾಳೆಯಿಂದ ಹಾಸಿಗೆ ಹೊಲಿದುಕೊಂಡು ಇದ್ದರಾಯಿತು ಎಂದುಕೊಂಡ. ಆದರೆ ಕುಸ್ತಿ ಬಿಟ್ಟರೆ ಇನ್ನೆಲ್ಲಿ ಬೀಳುವುದು, ಅವಳು ಇನ್ನೆಲ್ಲಿ ನೋಡುವುದು? ಹಾಗೆಂದು ಹೇಳದಿದ್ದರೆ? ಮುಂದಿನ ಭಾನುವಾರವೂ ತಾನೇ ಕರಿನೆರಳು, ಅದರ ಮುಂದಿನ ಭಾನುವಾರವೂ ತಾನೇ. ಅವಳು ಪ್ರತಿ ವಾರ ಬರುತ್ತಾಳೆ, ಕುರ್ಚಿಯಿಂದ ಅರ್ಧ ಏಳುತ್ತಾಳೆ. ಚೀಲದ ಒಳಗಿನಿಂದಲೇ ಆದರೂ ಅಷ್ಟು ಸಾಕು. ಬಾಯಿ ಮುಚ್ಚಿಕೊಂಡ. ಒಂಬತ್ತು ವರ್ಷದಲ್ಲಿ ಅಷ್ಟು ಸಂತೋಷ ಅವನಿಗೆ ಯಾವತ್ತೂ ಆಗಿರಲಿಲ್ಲ.

ಆ ಸಂತೋಷದಲ್ಲೇ, ಉಳಿದ ಸುತ್ತುಗಳು ಮುಗಿದು ಭೂಕಂಪ ಕಪ್ ಎತ್ತಿದ ಮೇಲೆ, ಅವನು ಹೊರಗೆ ಟಿಕೆಟ್ ಕೊಡುವ ಕಿಟಕಿಯ ಹತ್ತಿರ ಯಜಮಾನರನ್ನು ಹಿಡಿದು, ಉಡುಪು ಸ್ವಲ್ಪ ಬಿಗಿಯಾಗುತ್ತದೆ, ಮನೆಗೆ ಒಯ್ದು ಹೊಲಿಗೆ ಬಿಚ್ಚಿ ಸರಿ ಮಾಡಿಕೊಳ್ಳುತ್ತೇನೆ, ಕೊಡಿ ಎಂದ.

ಯಜಮಾನರು ನೆಲ ನೋಡಿದರು. "ಅದನ್ನ ಅಳಿಯನಿಗೆ ಕೊಟ್ಟೆ ಕಣಯ್ಯ. ವಿಮರ್ಶೆ ಬಂದಾಗಿಂದ ಜನರದು ಫೋನ್ ಮೇಲೆ ಫೋನ್. ಇನ್ಮೇಲೆ ಕರಿನೆರಳೇ ನಮ್ಮ ದೊಡ್ಡ ಹೆಸರು, ಗೆಲ್ಲೋನು ಅವನೇ. ಅಂಥದ್ದನ್ನ ಹತ್ತಕ್ಕೆ ಒಂದೂವರೆ ತಗೊಂಡವನ ತಲೆಗೆ ಹಾಕೋಕಾಗತ್ತಾ, ನೀನೇ ಹೇಳು."

"ಅದು ನಾನೇ ಅಲ್ವಾ ಯಜಮಾನ್ರೇ."

"ಯಾರು ನೋಡಿದೋರು?" ಎಂದರು ಯಜಮಾನರು. ಜೇಬಿನಿಂದ ಮುಂದಿನ ಭಾನುವಾರದ ಚೀಟಿ ತೆಗೆದು ಅವನ ಕೈಗಿಟ್ಟರು. 'ಕರಿನೆರಳು, ಉಕ್ಕಿನ ಮುಷ್ಟಿ. ಗೆಲುವು: ಕರಿನೆರಳು.' ಅಳಿಯನಿಗೆ ಬೀಳುವುದು ಬರುವುದಿಲ್ಲ, ಸಂಜೆ ಹೊತ್ತು ಬಂದು ಸ್ವಲ್ಪ ಕಲಿಸಿಕೊಡು ಎಂದೂ ಸೇರಿಸಿದರು.

ದಾರಿಯುದ್ದಕ್ಕೂ ಮೇಷ್ಟ್ರು ಅವನ ಕೈಯಲ್ಲಿ ಕಂಡ ಚೀಟಿಯ ಸುದ್ದಿಯನ್ನು ಕಂಡಕಂಡವರಿಗೆಲ್ಲ ಹೇಳಿದರು. ದಿಂಬಣ್ಣನ ಬೆನ್ನು ನೋಯುತ್ತಿತ್ತು, ಈ ಸಲ ನಿಜವಾಗಿ. ಹೆಂಡತಿಗೆ ಮಾತ್ರ ಹುಡುಗಿಯಂಥ ಹುರುಪು. ಮುಂದಿನ ಭಾನುವಾರ ತಾನು ಬಂದೇ ಬರುತ್ತೇನೆ, ಅಂಥವರ ಕೈಯಲ್ಲಿ ಸೋಲಲಿಕ್ಕೂ ಪುಣ್ಯ ಬೇಕು, ಈ ಸಲವಾದರೂ ಏಟು ಬಿದ್ದ ಮೇಲೆ ಬೀಳಿ ಎಂದು ಹೇಳುತ್ತ ಬಂದಳು.

ಮನೆಯ ಬೀದಿ ತಿರುಗುವಾಗ ಅವಳು ಸ್ವಲ್ಪ ಹಿಂದೆ ಉಳಿದು ಕೇಳಿದಳು. "ರೀ, ಅವರಿಗೆ ಮದುವೆ ಆಗಿದ್ಯಾ?"

"ಯಾರಿಗೆ?"

"ಕರಿನೆರಳು ಅವ್ರಿಗೆ. ಪಾಪ, ಅಷ್ಟು ಏಟು ತಿಂದು ಹೋಗ್ತಾರೆ. ಬೆನ್ನಿಗೆ ಶಾಖ ಕೊಡೋರು ಯಾರಾದ್ರೂ ಇದಾರೋ ಇಲ್ವೋ ಅಂತ."

"ಆಗಿದೆ" ಎಂದ ದಿಂಬಣ್ಣ. "ಹೆಂಡತಿ ಇದಾಳೆ."

ಅವಳು ಎರಡು ಹೆಜ್ಜೆ ಬೇಗ ಹಾಕಿ ಅವನ ಪಕ್ಕಕ್ಕೆ ಬಂದಳು.

"ಪುಣ್ಯವಂತೆ" ಎಂದಳು.