ಸೇಟರ ಒಸಡು, ಭಟ್ಟರ ವಡೆ

ಹಲ್ಲಿನ ಡಾಕ್ಟರ ಎದುರು ಜನ ಬಾಯಿ ತೆರೆಯುವುದು ಹಲ್ಲು ತೋರಿಸಲಿಕ್ಕೆ ಮಾತ್ರ ಎಂದು ನೀವು ತಿಳಿದಿದ್ದರೆ, ಒಂದು ದಿನ ನನ್ನ ಕ್ಲಿನಿಕ್ಕಿನಲ್ಲಿ ಕೂತು ನೋಡಬೇಕು. ಡೊಂಬಿವಲಿಯ ಕೈಗಾರಿಕಾ ಪ್ರದೇಶವಾದ ಎಂಐಡಿಸಿಯ ವಸತಿ ಭಾಗದಲ್ಲಿ ಬೋರ್ಡು ಹಾಕಿದಂದಿನಿಂದ ನನಗೆ ಇಂಥ ಅನುಭವಗಳು ಆಗುತ್ತಲೇ ಬಂದಿವೆ. ಒಸಡಿನ ಕಾಯಿಲೆಯನ್ನು ಬಿಡಿಸಿ ಹೇಳದಿದ್ದರೆ ನನಗೆ ಊಟ ಸೇರುವುದಿಲ್ಲ. ಹೇಳಿದ್ದು ಅವರವರ ತಲೆಯಲ್ಲಿ ಅವರವರಿಗೆ ಬೇಕಾದ ಹಾಗೆ ಕೂರುತ್ತದೆ. ನಮ್ಮ ರಕ್ತದ ಬಿಳಿ ಕಣಗಳೇ ಒಸಡನ್ನು ಹಾಳು ಮಾಡುತ್ತವೆ ಎಂದಾಗ, ಬೇಲಾಪುರದ ಸರ್ಕಾರಿ ಕಚೇರಿಯ ಗುಮಾಸ್ತರೊಬ್ಬರು, "ಅವುಗಳನ್ನು ಬೇರೆ ಕಡೆಗೆ ಟ್ರಾನ್ಸ್‌ಫರ್ ಮಾಡಿಸಲಿಕ್ಕೆ ಆಗುವುದಿಲ್ಲವೇ?" ಎಂದು ಗಂಭೀರವಾಗಿ ಕೇಳಿದ್ದರು.

ಆದರೆ ನಮ್ಮ ಸೇಟರ ಕತೆಯೇ ಬೇರೆ.

ಮಾರಾಮಾರಿ

ಸೇಟರು ಉಡುಪಿ ಕಡೆಯವರು, ಸ್ಟೇಷನ್ ಹತ್ತಿರ ಸಸ್ಯಾಹಾರಿ ಹೋಟೆಲು. ಮುಂದಿನ ಹಲ್ಲುಗಳ ಒಸಡಿನಲ್ಲಿ ರಕ್ತ ಬರುತ್ತದೆಂದು ಆ ಕಡೆಗೆ ಬ್ರಷ್ ಒಯ್ಯುವುದನ್ನೇ ಬಿಟ್ಟಿದ್ದರು. ಹಲ್ಲುಗಳು ಅಲ್ಲಾಡತೊಡಗಿದ್ದವು.

ನಾನು ಶುರು ಮಾಡಿದೆ. "ಹಲ್ಲಿನ ಬುಡದಲ್ಲಿ ಕೊಳೆ ಕೂತಿದೆ, ಅದರಲ್ಲಿ ರೋಗಾಣು. ಅವನ್ನು ಹೊಡೆಯಲು ಬಿಳಿ ಕಣಗಳು ಬರುತ್ತವೆ. ಕೊಳೆ ಹೋಗುವುದಿಲ್ಲ, ಆದ್ದರಿಂದ ಇವೂ ಬರುತ್ತಲೇ ಇರುತ್ತವೆ. ರೋಗಾಣುವಿಗೆಂದು ಬಿಟ್ಟ ರಸ ನಮ್ಮ ಒಸಡಿಗೇ ತಾಗುತ್ತದೆ, ಒಳಗಿನ ಮೂಳೆಯೂ ಕರಗುತ್ತದೆ. ಸಾಕು ಎಂದು ಅವಕ್ಕೆ ಹೇಳುವವರಿಲ್ಲ."

"ಗೊತ್ತಾಯ್ತು ಡಾಕ್ಟ್ರೇ," ಎಂದರು ಸೇಟರು. "ಒಮ್ಮೆ ನಮ್ಮ ಹೋಟೆಲಲ್ಲಿ ಇಬ್ಬರು ಗಿರಾಕಿಗಳ ಮಾರಾಮಾರಿ ಆಯ್ತು. ಬಿಡಿಸ್ಲಿಕ್ಕೆ ನಮ್ಮ ವೇಟರುಗಳು ಹೋದ್ರು. ಗಿರಾಕಿಗಳು ರಾಜಿಯಾಗಿ ಚಾ ಕುಡ್ದು ಹೋದ್ರು ಮಾರಾಯ್ರೆ. ಟೇಬಲು ಮುರಿದದ್ದೆಲ್ಲ ನಮ್ಮ ವೇಟರುಗಳು."

ಇಷ್ಟು ಚೆನ್ನಾಗಿ ನನಗೂ ಹೇಳಲು ಬಂದಿರಲಿಲ್ಲ. ಕೊಳೆ ತೆಗೆದರೆ ಜಗಳ ನಿಲ್ಲುತ್ತದೆ, ನಾಲ್ಕಾರು ಸಲ ಬರಬೇಕು ಎಂದೆ.

"ರಕ್ತ ಬರ್ತದಾ?"

"ಸ್ವಲ್ಪ."

"ಹಾಗಾದ್ರೆ ದೀಪಾವಳಿ ಕಳೀಲಿ," ಎಂದು ಎದ್ದರು. ಯಾವ ದೀಪಾವಳಿ ಎಂದು ಹೇಳಲಿಲ್ಲ.

ಕಷಾಯ

ಕೆಲವು ದಿನಗಳ ನಂತರ ಸೇಟರ ಹೆಂಡತಿ ಬಂದರು. ಮುಖ ಬಿಗಿದಿತ್ತು.

"ನಾನು ದಿನಾ ಬೆಳಿಗ್ಗೆ ಶುಂಠಿ, ಕಾಳುಮೆಣಸು ಹಾಕಿ ಕಷಾಯ ಮಾಡಿ ಕೊಡ್ತೇನೆ, ಮೈಯಲ್ಲಿ ಶಕ್ತಿ ಇರ್ಲಿ ಅಂತ. ಈಗ ಬೇಡ ಅಂತಾರೆ. ಬಿಳಿ ಕಣಕ್ಕೆ ಶಕ್ತಿ ಬಂದ್ರೆ ಹಲ್ಲು ಉದುರ್ತದಂತೆ. ನೀವೇ ಹೇಳಿದ್ದಂತೆ."

ಸೇಟರಿಗೆ ಕಷಾಯ ಮೊದಲಿನಿಂದಲೂ ಆಗದು ಎಂಬುದು ನನಗೆ ಆಗಲೇ ಹೊಳೆಯಿತು. ಆ ಕಣಗಳು ಇಲ್ಲದಿದ್ದರೆ ಮನುಷ್ಯ ಬದುಕುವುದಿಲ್ಲ, ತೊಂದರೆ ಇರುವುದು ಕೊಳೆಯಲ್ಲಿ, ಕಷಾಯ ಧಾರಾಳ ಕುಡಿಯಬಹುದು ಎಂದೆ. ಅವರು ಅಲ್ಲಿಂದಲೇ ಗಂಡನಿಗೆ ಫೋನ್ ಹಚ್ಚಿದರು.

"ಕುಡೀಬಹುದಂತೆ," ಎಂದರು. ಆ ಕಡೆಯ ಉತ್ತರ ಕೇಳಿ ಫೋನು ಕೆಳಗಿಟ್ಟರು.

"ಏನಂದರು?"

"ದೀಪಾವಳಿ ಕಳೀಲಿ ಅಂತ."

ಬಾಯಿ ತೆರೆಯದ ರೋಗಿ

ಆಮೇಲೆ ಬಂದವರು ಅದೇ ಹೋಟೆಲಿನ ಅಡುಗೆಯ ಭಟ್ಟರು. ಕುರ್ಚಿಯಲ್ಲಿ ಕೂತರು, ಬಾಯಿ ಮಾತ್ರ ತೆರೆಯಲಿಲ್ಲ.

"ನನ್ನ ಹಲ್ಲು ಚೆನ್ನಾಗುಂಟು. ಸೇಟರದ್ದು ಸರಿ ಮಾಡಿ."

ಆ ಹೋಟೆಲಿನಲ್ಲಿ ಒಂದು ಪದ್ಧತಿ. ದಿನವೂ ಬಾಣಲೆಯಿಂದ ಇಳಿದ ಮೊದಲ ಒಬ್ಬೆಯ ವಡೆಯನ್ನು ಸೇಟರು ಕಚ್ಚಿ ನೋಡಿ ತಲೆಯಾಡಿಸಿದ ಮೇಲೆಯೇ ಷಟರ್ ಏಳುವುದು.

"ಈಗ ಕಚ್ಚಿದ್ರೆ ನೋಯ್ತದಲ್ಲ," ಎಂದರು ಭಟ್ಟರು. "ವಡೆಯನ್ನು ಸಾಂಬಾರಿನಲ್ಲಿ ಅದ್ದಿ, ಪೇಪರ್ ಓದಿ ಮುಗಿಸಿ, ಮತ್ತೆ ಬಾಯಿಗಿಡ್ತಾರೆ. ವಡೆ ಮೆತ್ತಗಾಯ್ತು, ಇನ್ನೂ ಎಣ್ಣೆಯಲ್ಲಿ ಕಾಯಿಸಿ ಅಂತ ನನಗೆ ಬೈತಾರೆ. ದಿನಾ ಇದೇ."

"ಅವರಿಗೇ ಹೇಳಬಾರದೇ?"

"ಸೇಟರಿಗೆ ಹೇಳುದು ಹೇಗೆ? ಕೋಪರಖೈರಣೆಯ ಹೋಟೆಲಿನವರು ಕೆಲಸಕ್ಕೆ ಕರೀತಿದ್ದಾರೆ. ಒಂದೋ ಸೇಟರ ಹಲ್ಲು ಗಟ್ಟಿಯಾಗ್ಬೇಕು, ಇಲ್ಲ ನಾನು ಹೊರಡ್ಬೇಕು."

ನನಗೆ ನಿಜಕ್ಕೂ ಬೇಜಾರಾಯಿತು. ಆ ಕೈಯ ವಡೆಗಾಗಿ ಕಲ್ಯಾಣದಿಂದ ಜನ ಬರುತ್ತಿದ್ದರು. ಅದ್ದುವ ವಿಷಯ ಎತ್ತಬೇಡಿ ಎಂದು ಭಟ್ಟರು ಕೈಮುಗಿದಿದ್ದರಿಂದ, ಅವರು ಹೊರಟು ನಿಂತಿದ್ದಾರೆ ಎಂದಷ್ಟೇ ಸೇಟರಿಗೆ ಫೋನಿನಲ್ಲಿ ಹೇಳಿದೆ. ನಿಮ್ಮ ಹಲ್ಲು ಸರಿಯಾದರೆ ಉಳಿಯುತ್ತಾರಂತೆ ಎಂದೆ.

"ನಾಳೆ ಬರ್ತೇನೆ. ದೀಪಾವಳಿ ಅದರಷ್ಟಕ್ಕೆ ಬರ್ಲಿ."

ಬಂದರು. ಕೊಳೆ ತೆಗೆಯುವಾಗ ಬಾಯಿ ಖಾಲಿಯಾದಾಗಲೆಲ್ಲ ಅವರಿಗೆ ಒಂದೇ ಗೋಳು. "ಗಿರಾಕಿಗಳಿಗೆ ಈಗೀಗ ಎಂತ ಆಗಿದೆಯೋ ಡಾಕ್ಟ್ರೇ. ವಡೆ ಒಂದು ಪ್ಲೇಟು, ಸಾಂಬಾರು ಮಾತ್ರ ಬಕೀಟುಗಟ್ಟಲೆ ಕೇಳ್ತಾರೆ."

ಮೊದಲ ಒಬ್ಬೆ

ಒಸಡಿನ ಊತ ಇಳಿಯಿತು, ರಕ್ತ ನಿಂತಿತು, ಹಲ್ಲುಗಳು ಬಿಗಿಯಾದವು. ಸಂತೋಷಕ್ಕೆ ಸೇಟರು ನನ್ನನ್ನು ಮೊದಲ ಒಬ್ಬೆಗೆ ಕರೆದರು.

ಬೆಳಿಗ್ಗೆ ಹೋದೆ. ಷಟರ್ ಇನ್ನೂ ಎದ್ದಿರಲಿಲ್ಲ. ಭಟ್ಟರು ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದರು, ಭುಜದ ಮೇಲಿನ, ಕೈ ಒರೆಸುವ ಬೈರಾಸನ್ನು ಹಿಂಡುತ್ತ. ಇವತ್ತೂ ಬೈಗುಳವಾದರೆ ಅವರು ಕೋಪರಖೈರಣೆಗೆ ಹೊರಡುವುದು ಖಂಡಿತವಿತ್ತು. ಸೇಟರು ಸಾಂಬಾರನ್ನು ಪಕ್ಕಕ್ಕೆ ಸರಿಸಿ, ಒಣ ವಡೆಯನ್ನು ಮುಂದಿನ ಹಲ್ಲಿನಿಂದ ಕಚ್ಚಿದರು.

ಕಟಕ್ ಎಂದಿತು.

ನನ್ನ ಜೀವ ಬಾಯಿಗೆ ಬಂತು. ಸೇಟರು ಹಲ್ಲುಗಳನ್ನು ಒಂದೊಂದಾಗಿ ಮುಟ್ಟಿ ನೋಡಿಕೊಂಡರು. ಎಲ್ಲವೂ ಇದ್ದವು. ವಡೆಗೂ ಏನೂ ಆಗಿರಲಿಲ್ಲ.

"ಭಟ್ರೇ, ಇದು ವಡೆಯಾ ಜಲ್ಲಿಯಾ?"

"ನೀವು ಮೆತ್ತಗಾಯ್ತು ಅಂತ ಹೇಳ್ತಾ ಹೋದ್ರಿ, ನಾನು ಕಾಯಿಸ್ತಾ ಹೋದೆ. ಸಾಕು ಅಂತ ಯಾರೂ ಹೇಳ್ಲಿಲ್ಲ."

ಸೇಟರು ನನ್ನ ಕಡೆ ತಿರುಗಿದರು. "ಡಾಕ್ಟ್ರೇ, ಇವರೂ ನಿಮ್ಮ ಬಿಳಿ ಕಣದ ಪೈಕಿಯೇ." ಮತ್ತೆ ಭಟ್ಟರಿಗೆ, "ಸಾಕು ಭಟ್ರೇ. ನನ್ನ ಹಲ್ಲಿನದ್ದೇ ತಪ್ಪು. ಮೊದಲಿನ ಹಾಗೇ ಮಾಡಿ. ಎಲ್ಲಿಗೂ ಹೋಗುದು ಬೇಡ."

ಭಟ್ಟರ ಮುಖ ಅರಳಿತು. ಸೇಟರಿಗೆ ಮಾತ್ರ ಏನೋ ಹೊಳೆದಂತಾಯಿತು.

"ಅಲ್ಲ, ಇಷ್ಟು ದಿನ ಗಿರಾಕಿಗಳು ಇದನ್ನು ಹೇಗೆ ತಿಂದ್ರು?"

"ನಿಮ್ಮ ಹಾಗೇ," ಎಂದರು ಭಟ್ಟರು, "ಸಾಂಬಾರಿನಲ್ಲಿ ಅದ್ದಿ, ಪೇಪರ್ ಓದಿ ಮುಗಿಸಿ."