ತೊಟ್ಟಿಲ ದಿನದ ಬಫೆ

ಹೋಳಿಗೆಯ ರಾಶಿಯಲ್ಲಿ ಮೇಲಿನದರ ಅಂಚು ಒಣಗಿ ಎದ್ದು ನಿಂತಿತ್ತು. ಒಂದನ್ನೂ ಯಾರೂ ಮುಟ್ಟಿರಲಿಲ್ಲ.

ಅಕ್ಕನ ಮಗಳನ್ನು ತೊಟ್ಟಿಲಿಗೆ ಹಾಕಿದ ದಿನ ಅದು. ಅಕ್ಕನ ಗಂಡನ ಮನೆಯವರು ಸಂಶಿಯಿಂದ ದೇವಿಕೊಪ್ಪದ ನಮ್ಮ ಮನೆಗೆ ಬಂದಿದ್ದರು. ಊಟದ ಜವಾಬ್ದಾರಿಯನ್ನು ನಾನೇ ಕೇಳಿ ಪಡೆದಿದ್ದೆ. ಇಂಗ್ಲಿಷ್ ಎಂ.ಎ. ಮಾಡಿದವಳಿಗೆ ಒಂದು ಊಟ ಯಾವ ಲೆಕ್ಕ!

"ಈ ಸಲ ಬಫೆ ಮಾಡೂಣು" ಎಂದಿದ್ದೆ.

"ಹಂಗಂದ್ರ ಏನಬೇ?" ಎಂದಳು ಅವ್ವ.

ಸರಳವಾಗಿ ಹೇಳಬಹುದಿತ್ತು. ಹೇಳಲಿಲ್ಲ. ಫ್ರೆಂಚಿನಿಂದ ಇಂಗ್ಲಿಷಿಗೆ ಬಂದ ಶಬ್ದ; ಮೊದಲು ಪಾತ್ರೆ ಇಡುವ ಕಪಾಟು, ಆಮೇಲೆ ಅದರ ಮೇಲಿಟ್ಟ ಅಡುಗೆ, ರೈಲ್ವೆ ಸ್ಟೇಷನ್ನಿನ ತಿಂಡಿಯ ಅಂಗಡಿ, ಕೊನೆಗೆ ತಾವೇ ಹಾಕಿಕೊಂಡು ಉಣ್ಣುವ ಪದ್ಧತಿ ಎಂದು ವಿವರಿಸಿದೆ.

"ಕಪಾಟ ಇರ್ಲಿ. ನೀಡಾವ್ರು ಯಾರು?"

"ಯಾರೂ ಇಲ್ಲ. ಅದ ಅದರ ಅರ್ಥ!"

ತೊಟ್ಟಿಲ ದಿನ ಬೀಗರು ತಾಟು ಹಿಡಿದು ಮೇಜಿನ ಮುಂದೆ ನಿಂತರು. ನಿಂತೇ ಇದ್ದರು. ಬೀಗರ ಮನೆಯಲ್ಲಿ ತಾನೇ ಕೈಹಾಕಿ ಬಡಿಸಿಕೊಳ್ಳುವುದು ಹೊಟ್ಟೆಬಾಕರ ಲಕ್ಷಣ ಎಂಬುದು ನನ್ನ ಶಬ್ದಕೋಶದಲ್ಲಿ ಇರಲಿಲ್ಲ.

"ಸಂಕೋಚ ಬ್ಯಾಡ್ರಿ, ಬೇಕಾದಷ್ಟು ಹಾಕ್ಕೋರಿ" ಎಂದೆ. ಎಲ್ಲರೂ ಒಂದು ಹೆಜ್ಜೆ ಹಿಂದೆ ಸರಿದರು!

"ಹೋಳಿಗಿ ಬ್ಯಾಡೇನ್ರಿ ಮಾವಾರ?" ಎಂದು ಅಕ್ಕನ ಮಾವನನ್ನು ಕೇಳಿದೆ.

"ಬ್ಯಾಡ್ರಿ, ಸಾಕು."

ನಮ್ಮಲ್ಲಿ ಇದು ಉಪಚಾರದ ಮೊದಲ ಮಾತು. ಮೂರನೆಯ ಒತ್ತಾಯಕ್ಕೆ ತಾಟು ಮುಂದೆ ಬರುತ್ತದೆ. ಆದರೆ ಇನ್ನೊಬ್ಬರ ನಿರಾಕರಣೆಯನ್ನು ಗೌರವಿಸಬೇಕು ಎಂದು ಓದಿದ್ದೆ. ಗೌರವಿಸಿದೆ. ಮುಚ್ಚಳ ಮುಚ್ಚಿದೆ.

ಒಳಗೆ ಕೂಸಿನ ಜೊತೆಗಿದ್ದ ಅವ್ವ ಹೊರಗೆ ಬರುವಷ್ಟರಲ್ಲಿ ಬೀಗರ ಗಾಡಿ ಚಾಲೂ ಆಗಿತ್ತು. ಅಕ್ಕನ ಅತ್ತೆ ನೀರು ಮಾತ್ರ ಕುಡಿದಿದ್ದರು. "ಊಟ ಭಾಳ ಚಲೋ ಆತ್ರಿ" ಎಂದು ಹೇಳಿ ಗಾಡಿ ಹತ್ತಿದರು.

ಅಕ್ಕ ನನ್ನನ್ನು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

"ನಾ ಆ ಮನಿಗೆ ಹೊಳ್ಳಿ ಹೋಗಬೇಕಲೇ" ಎಂದಳು, ಅಷ್ಟೇ.

ಮರುದಿನ ಬೆಳಿಗ್ಗೆ ಕ್ಷಮೆ ಕೇಳಲು ಖಾಲಿ ಹೊಟ್ಟೆಯಲ್ಲೇ ಬಸ್ಸು ಹತ್ತಿ ಸಂಶಿಗೆ ಹೋದೆ. ದಾರಿಯುದ್ದಕ್ಕೂ ಕ್ಷಮೆಯ ವಾಕ್ಯಗಳನ್ನು ತಿದ್ದಿಕೊಂಡೆ. ಅಕ್ಕನ ಅತ್ತೆ ಒಂದನ್ನೂ ಹೇಳಗೊಡಲಿಲ್ಲ. ಚಾಪೆ ಹಾಸಿ ಕೂರಿಸಿದರು. ಖಾಲಿ ತಾಟು, ಬಿಸಿ ರೊಟ್ಟಿಯ ಬುಟ್ಟಿ, ಬದನೆಕಾಯಿ ಪಲ್ಯದ ಬೋಗುಣಿ, ಎಲ್ಲವನ್ನೂ ಎದುರಿಗಿಟ್ಟರು.

"ನಿಮಗ ರೂಢಿ ಐತೆಲ್ರಿ. ಬೇಕಾದಷ್ಟು ಹಾಕ್ಕೋರಿ" ಎಂದು ಒಳಗೆ ಹೋದರು.

ಬುಟ್ಟಿ ಒಂದು ಗೇಣು ದೂರದಲ್ಲಿತ್ತು. ಮನೆಯಲ್ಲಿ ಬೇರೆ ಯಾರೂ ಇರಲಿಲ್ಲ. ಆದರೂ ಕೈ ಹೋಗಲಿಲ್ಲ. ರೊಟ್ಟಿ ಆರುವುದನ್ನು ನೋಡುತ್ತ ಕುಳಿತೆ. ಕೊನೆಗೆ ತಡೆಯಲಾಗದೆ ಒಳಕ್ಕೆ ಮುಖ ಮಾಡಿ ಕೂಗಿದೆ:

"ಅತ್ಯಾರ, ಒಂದ ರೊಟ್ಟಿ ನೀಡಬರ್ರೀ!"