ಅತ್ತೆ, ಎಮ್ಮೆ ಮತ್ತು ಕಾಗಿಣಾ

ದಂಡೋತಿಯಲ್ಲಿರುವ ನನ್ನ ಸೋದರತ್ತೆಯ ಬಾಯಿಗೆ ಮೋಡಗಳೂ ಹೆದರುತ್ತವೆ ಎಂದರೆ ನೀವು ನಗುತ್ತೀರಿ. ನಗಿ! ಅವಳು ಮಾತ್ರ ದಿನಾ ಅಂಗಳದಲ್ಲಿ ನಿಂತು ಆಕಾಶದ ಜೊತೆ ಜಗಳ ಕಾಯುತ್ತಾಳೆ.

ಈಚಿನ ಬೇಸಿಗೆಗಳ ಕಥೆ ಕೇಳಲೇಬೇಡಿ. ವಾಡಿಯ ನಮ್ಮ ರೈಲ್ವೆ ಕ್ವಾರ್ಟರ್ಸಿನಲ್ಲಿ ನಲ್ಲಿ ತಿರುಗಿಸಿದರೆ ಕುದಿನೀರು, ಚಹಾ ಪುಡಿ ಹಾಕುವುದೊಂದೇ ಬಾಕಿ! ಹೋದ ಬೇಸಿಗೆಯಲ್ಲಿ ಅತ್ತೆ ತನ್ನ ಹಳೆಯ ಸೀರೆಯನ್ನು ನೀರಲ್ಲಿ ಅದ್ದಿ ಎಮ್ಮೆಗೆ ಹೊದಿಸಿದಳು. ಓಣಿಗೆ ಓಣಿಯೇ ನಕ್ಕಿತು.

“ನಗ್ರಿ, ನಗ್ರಿ. ನನಗಿಂತ ಅದಕ್ಕೇ ಛಂದ ಕಾಣ್ತದ!” ಎಂದಳು.

ಮಳೆಗಾಲದಲ್ಲಿ ಒಂದು ದಿನ ರಜೆ ಹಾಕಿ ಅವಳಲ್ಲಿಗೆ ಹೋಗಿದ್ದೆ; ಸಂಜೆಗೆ ವಾಡಿಗೆ ಮರಳಬೇಕಿತ್ತು. ಮೊಬೈಲಿನಲ್ಲಿ ಭಾರಿ ಮಳೆಯ ಎಚ್ಚರಿಕೆ ಬಂತು. ವಾರಗಟ್ಟಲೆ ಜಿಟಿಜಿಟಿ ಎನ್ನುತ್ತಿದ್ದ ಮಳೆ ಈಗೀಗ ಒಮ್ಮೆಲೇ ಏಕೆ ಸುರಿಯುತ್ತದೆ ಎಂದು ನಾನು ವಿವರಿಸಲು ಕುಳಿತೆ. ಭೂಮಿ ಬಿಸಿಯಾಗಿದೆ, ಬಿಸಿ ಗಾಳಿ ಹೆಚ್ಚು ನೀರು ಹೊರುತ್ತದೆ, ಸುರಿದರೆ ಎಲ್ಲಾ ಒಟ್ಟಿಗೆ...

“ಅಂದ್ರ ಮ್ಯಾಲಿನ ಹಂಡೆ ದೊಡ್ಡದಾಗ್ಯದ ಅನ್ನು!”

ಮಧ್ಯಾಹ್ನ ಆ ಹಂಡೆ ಬೋರಲಾಯಿತು. ಎದುರು ಮನೆ ಕಾಣಲಿಲ್ಲ, ಪಕ್ಕದಲ್ಲಿದ್ದವರ ಮಾತು ಕೇಳಲಿಲ್ಲ. ಮಳೆ ನಿಲ್ಲುವಷ್ಟರಲ್ಲಿ ಕಾಗಿಣಾ ನದಿ ಓಣಿಯೊಳಗೆ ಬಂದಿತ್ತು! ಜನರೆಲ್ಲ ಎತ್ತರದಲ್ಲಿರುವ ಶಾಲೆಯತ್ತ ಓಡಿದರು. ಪಕ್ಕದ ಮನೆಯ ಚಾಚಾ ಮಾತ್ರ ಮೊಣಕಾಲು ನೋವಿನಿಂದ ಕಟ್ಟೆಯ ಮೇಲೆಯೇ ಕುಳಿತಿದ್ದರು. ಅತ್ತೆ ಎಮ್ಮೆಯನ್ನು ತಂದು ಕಟ್ಟೆಗೆ ತಾಗಿಸಿ ನಿಲ್ಲಿಸಿದಳು.

“ಹತ್ರಿ ಚಾಚಾ!”

“ಎಮ್ಮಿ ಮ್ಯಾಲ? ಇಜ್ಜತ್ ಹೋಗ್ತದವ್ವಾ!”

“ಇಜ್ಜತ್ ಇಲ್ಲೇ ಕುಂದರ್ಲಿ, ನೀವ್ ಬರ್ರಿ!”

ಸೊಂಟದ ಮಟ್ಟ ನೀರು. ಕಾಲಡಿಯ ಮಣ್ಣು ಜಾರುತ್ತಿತ್ತು. ನಾನು ಎಮ್ಮೆ ಹತ್ತಿದ ಚಾಚಾರನ್ನು ಹಿಡಿದುಕೊಂಡೆ. ಅತ್ತೆ ಹಗ್ಗ ಹಿಡಿದು, ನದಿಯನ್ನೇ ಗದರಿಸುತ್ತ ಮುಂದೆ ನಡೆದಳು.

“ಸರಿ ಅತ್ಲಾಗ! ಹಿರೇರು ಬರಾಕತ್ತಾರ, ಕಾಣಂಗಿಲ್ಲೇನು?”

ಚಾಚಾ ಕಣ್ಣು ಮುಚ್ಚಿ ದುವಾ ಮಾಡುತ್ತಿದ್ದರು. ನಡುವೆ ಎಮ್ಮೆಗೂ ಆಯುಷ್ಯ ಬೇಡಿದಂತೆ ಕೇಳಿಸಿತು!

ಶಾಲೆಯ ಮೆಟ್ಟಿಲು ಹತ್ತಿ ತಿರುಗಿ ನೋಡಿದೆ. ಸೇತುವೆ ಇರಲಿಲ್ಲ. ತೊಗರಿ ಹೊಲಗಳಿರಲಿಲ್ಲ. ಕಣ್ಣು ಹೋದಷ್ಟು ದೂರ ಕಂದು ನೀರು. ಬುಡಸಮೇತ ಕಿತ್ತುಬಂದ ದೊಡ್ಡ ಬೇವಿನ ಮರವೊಂದು ಹೊರಳುತ್ತ, ಮತ್ತೆ ಹೊರಳುತ್ತ ಸಾಗಿತು. ಬೇಸಿಗೆಯಲ್ಲಿ ಪಾದ ನೆನೆಸಿಕೊಂಡು ದಾಟಿದ ಹೊಳೆ ಇದೇನಾ? ಅದನ್ನು ಗದರಿಸುವುದನ್ನು ನಮ್ಮ ಅತ್ತೆಯೂ ಬಿಟ್ಟಿದ್ದಳು!

ಅವಳು ಮೆಲ್ಲನೆ ಪಕ್ಕಕ್ಕೆ ಬಂದು ನನ್ನ ಒದ್ದೆ ಅಂಗಿಯ ತುದಿ ಹಿಡಿದಳು.

“ಇವತ್ತೊಂದಿನ ವಾಡಿಗಿ ಹೋಗಬ್ಯಾಡಪ್ಪಾ.”

ಹೋಗಬೇಕೆಂದರೂ ದಾರಿಯೇ ಉಳಿದಿರಲಿಲ್ಲ.

“ಇಲ್ಲತ್ತಿ,” ಎಂದೆ, “ಹೋಗಂಗಿಲ್ಲ.”